ಬಸ್ಸಿನ ಕಿಟಕಿಯಲ್ಲಿ ಅತ್ತೆ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಎಕ್ಸ್‌ರೇ ಅಕ್ಕ ಎಂದೇ ಕರೆಯುತ್ತಿದ್ದರು. ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತು "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡಬೇಡಿ, ಹಾಂ, ಬಿಡಿ" ಎಂದು ದಿನವಿಡೀ ಹೇಳುವುದು ಅವಳ ಕೆಲಸ. ಊರಿಗೆಲ್ಲ ಅಲ್ಲಾಡಬೇಡಿ ಎನ್ನುವವಳಿಗೆ ತಾನು ಮಾತ್ರ ಒಂದು ಕಡೆ ನಿಲ್ಲಲು ಬರುತ್ತಿರಲಿಲ್ಲ. ಮನೆಗೆ ಬಂದರೆ ಬಾಲ ಸುಟ್ಟ ಬೆಕ್ಕಿನ ಹಾಗೆ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಬಾಗಿಲಿಗೆ. ಲಿಫ್ಟ್ ರಿಪೇರಿ ಮಾಡುವ ಗಂಡ, "ಒಂದು ನಿಮಿಷ ಕೂತ್ಕೊಳ್ಳೇ. ನಾನು ಇಡೀ ದಿನ ಮೇಲೆ ಕೆಳಗೆ ಹೋಗಿ ಬಂದಿರ್ತೀನಿ, ನಿನ್ನ ನೋಡಿದ್ರೆ ಇನ್ನೂ ಸುಸ್ತಾಗತ್ತೆ" ಎನ್ನುತ್ತಿದ್ದ.

ಮದುವೆ ಫೋಟೋ ತೆಗೆಯುವ ಅವಳ ತಮ್ಮ ಒಂದು ದಿನ ತನ್ನ ಹಳೇ ಕ್ಯಾಮೆರಾ ತಂದು ಅವಳ ಕೊರಳಿಗೇ ಹಾಕಿದ.

"ಅಕ್ಕಾ, ಬೀದಿಗೆ ಇಳಿ. ವಾರಕ್ಕೊಂದು ಪದ ಕೊಡ್ತೀನಿ. ಅದನ್ನ ಮಾತ್ರ ಹುಡುಕಿ ತೆಗಿ, ಬೇರೇನೂ ತೆಗೀಬೇಡ."

ಮೊದಲ ಪದ 'ಹಳದಿ'. ಈ ಬೂದಿ ಬಣ್ಣದ ಊರಲ್ಲಿ ಹಳದಿ ಎಲ್ಲಿಂದ ಬರಬೇಕು ಎಂದು ಗೊಣಗುತ್ತಲೇ ಹೊರಟಳು. ನೋಡನೋಡುತ್ತ ಗಾರೆಯವನ ಹೆಲ್ಮೆಟ್ಟು, ನಾಯಿಯ ಕೊರಳಪಟ್ಟಿ, ಹಸಿ ಬಣ್ಣ ತುಳಿದು ಹೋದವನ ಹೆಜ್ಜೆಗಳು, ಎಲ್ಲವೂ ಕಣ್ಣಿಗೆ ಹೊಡೆಯತೊಡಗಿದವು. ಎರಡನೇ ವಾರದ ಪದ 'ಬೆನ್ನು'. ಹಣ್ಣಿನವನೊಬ್ಬ ಗಕ್ಕನೆ ತಿರುಗಿ, "ಏನಮ್ಮಾ, ನನ್ನ ಬೆನ್ನಲ್ಲೇನಿದೆ?" ಎಂದು ಗದರಿದ. ಗಾಬರಿಯಲ್ಲಿ ಅವಳ ಬಾಯಿಂದ ಬಂದದ್ದು, "ಮೂಳೆ ಸ್ವಲ್ಪ ಎಡಕ್ಕೆ ವಾಲಿದೆ." ಪಾಪ, ಅವನು ತಕ್ಕಡಿ ಕೆಳಗಿಟ್ಟು ಬೆನ್ನು ಮುಟ್ಟಿ ನೋಡಿಕೊಂಡ.

ಆದರೆ ಸಮಯ ಸಿಗುತ್ತಿದ್ದದ್ದೇ ಕಡಿಮೆ. ಜೊತೆಯಲ್ಲೇ ಇದ್ದ ಅತ್ತೆಗೆ ಮಂಡಿನೋವು. ಒಲೆಯ ಮುಂದೆ ನಿಲ್ಲಲಾಗುವುದಿಲ್ಲ, ಮೆಟ್ಟಿಲು ಇಳಿಯುವ ಮಾತೇ ಇಲ್ಲ ಎನ್ನುತ್ತಿದ್ದರು. ಹಾಗಾಗಿ ಮಧ್ಯಾಹ್ನದ ಬಿಡುವಿನಲ್ಲಿ ಸೊಸೆ ಏದುಸಿರು ಬಿಡುತ್ತ ಮನೆಗೆ ಓಡಿ ಬಂದು, ಊಟ ಬಿಸಿ ಮಾಡಿ ಬಡಿಸಿ, ಅವರು ಹೇಳುವ ನಾಲ್ಕು ಮಾತು ಕೇಳಿ, ಮತ್ತೆ ಓಡುತ್ತಿದ್ದಳು. ಅವಳ ಊಟವೆಂದರೆ ದಾರಿಯಲ್ಲಿ ಜಗಿಯುತ್ತಿದ್ದ ಬ್ರೆಡ್ಡು.

ಮೂರನೇ ಪದ 'ಕಿಟಕಿ'. ಮನೆಗಳ ಕಿಟಕಿಗೆ ಕ್ಯಾಮೆರಾ ಎತ್ತಿದರೆ ಪರದೆ ಎಳೆದುಕೊಂಡರು. ಒಂದು ಮಧ್ಯಾಹ್ನ ಅತ್ತೆಗೆ ಬಡಿಸಿ ಬಂದ ಮೇಲೆ ಎಕ್ಸ್‌ರೇ ಯಂತ್ರ ಕೆಟ್ಟು ಬೇಗ ಬಿಡುಗಡೆಯಾದಾಗ ಅವಳು ದೊಡ್ಡ ಸರ್ಕಲ್ಲಿನ ಸಿಗ್ನಲ್ಲಿಗೆ ಹೋಗಿ, ನಿಂತ ಬಸ್ಸುಗಳ ಕಿಟಕಿಗಳನ್ನು ಒಂದೇ ಸಮನೆ ತೆಗೆದಳು. ಬಾಯಿ ಬಿಟ್ಟು ಮಲಗಿದವನು, ಗಾಜು ನೆಕ್ಕುವ ಮಗು, ಫೋನಿನಲ್ಲಿ ಜಗಳಕ್ಕೆ ನಿಂತವಳು. ಆಮೇಲೆ ಅಂಗಡಿಯೊಂದರ ಮೆಟ್ಟಿಲಲ್ಲಿ ಕೂತು ಒಂದೊಂದಾಗಿ ನೋಡುತ್ತಿದ್ದವಳು ಒಂದನ್ನು ದಾಟಿ ಹೋಗಿ ಮತ್ತೆ ಹಿಂದಕ್ಕೆ ಬಂದಳು. ಗಾಜಿಗೆ ಹಣೆಯೊತ್ತಿ, ಕಪ್ಪು ಕನ್ನಡಕ ಹಾಕಿ, ತಲೆ ನೀಟಾಗಿ ಬಾಚಿಕೊಂಡು ಕೂತಿದ್ದವರು ಅತ್ತೆ! ಬಾಯಿ ಅರೆ ತೆರೆದಿತ್ತು, ಹಾಡು ಗುನುಗುವವರ ಹಾಗೆ.

ಆ ಸಂಜೆ ಮನೆಗೆ ಹೋದರೆ ಅತ್ತೆ ಕಾಲು ಸ್ಟೂಲಿನ ಮೇಲೆ ಚಾಚಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಅತ್ತೆ, ಇವತ್ತು ಎಲ್ಲಾದ್ರೂ ಹೋಗಿದ್ರಾ?"

"ಎಲ್ಲಿಗೆ ಹೋಗ್ಲಿ? ಬಾತ್‌ರೂಮಿಗೆ ಹೋಗಿ ಬರೋದೇ ದೊಡ್ಡ ಪ್ರಯಾಣ ಆಗಿದೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಗಂಡನಿಗೆ ಹೇಳಲಿಲ್ಲ. ಮಾರನೇ ದಿನ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ. ಉಸಿರು ಹಿಡಿಯಿರಿ ಎಂದವಳು ಬಿಡಿ ಎನ್ನುವುದನ್ನೇ ಮರೆತಳು. ಕೆಂಪಗಾದ ರೋಗಿ ಕೊನೆಗೆ ತಾನೇ, "ಬಿಡ್ಲಾ ಅಕ್ಕಾ?" ಎಂದು ಕೇಳಬೇಕಾಯಿತು.

ಅರ್ಧ ದಿನ ರಜೆ ಹಾಕಿದಳು. ಎಂದಿನಂತೆ ಬಡಿಸಿ, ಹೊರಟವಳಂತೆ ಹೊರಟು, ಎದುರಿನ ಔಷಧಿ ಅಂಗಡಿಯ ಮರೆಯಲ್ಲಿ ನಿಂತಳು. ಸ್ವಲ್ಪ ಹೊತ್ತಿಗೆ ಅತ್ತೆ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಅಡ್ಡಡ್ಡವಾಗಿ ಇಳಿದು ಬಂದರು. ಬಸ್ಸು ಹತ್ತಿದರು. ಇವಳು ಹಿಂದಿನ ಬಾಗಿಲಿಂದ ಹತ್ತಿದಳು. ಎರಡು ಸ್ಟಾಪು ಕಳೆಯುವಷ್ಟರಲ್ಲಿ ತಾಳ್ಮೆ ಮುಗಿದು, ಹೋಗಿ ಪಕ್ಕದಲ್ಲೇ ಧೊಪ್ಪನೆ ಕೂತಳು.

ಅತ್ತೆ ಬೆಚ್ಚಿದರು. ಆಮೇಲೆ ಕನ್ನಡಕ ಸರಿ ಮಾಡಿಕೊಂಡು ಕೇಳಿದರು, "ಟಿಕೆಟ್ ತಗೊಂಡ್ಯಾ?"

"ಮಂಡಿನೋವು ಸುಳ್ಳಾ ಅತ್ತೆ?"

"ನೋವು ನಿಜ ಕಣೇ. ನೀನೇ ಎಕ್ಸ್‌ರೇ ತೆಗ್ದಿದ್ದಲ್ಲ. ಆದ್ರೆ ನಾನು ಹೇಳೋವಷ್ಟಿಲ್ಲ."

"ಮತ್ಯಾಕೆ ಹಂಗಂದ್ರಿ?"

"ನೋವಿಲ್ಲ ಅಂದಿದ್ರೆ ಮಧ್ಯಾಹ್ನ ಬರ್ತಿದ್ಯಾ ನೀನು?"

ಅತ್ತೆ ಕಿಟಕಿಯತ್ತ ತಿರುಗಿದರು.

"ನೀನು ಬಂದು ಹೋದ್ಮೇಲೆ ಮನೆ ಭಣಭಣ ಅನ್ನತ್ತೆ. ಕೂತಲ್ಲಿ ಕೂರಕ್ಕಾಗಲ್ಲ, ಎದ್ರೆ ನಿಲ್ಲಕ್ಕಾಗಲ್ಲ. ಬಸ್ಸಲ್ಲಾದ್ರೆ ನಾನು ಸುಮ್ನೆ ಕೂತಿರ್ತೀನಿ, ಊರೇ ಓಡತ್ತೆ."

"ನಾನು ಅರೆಹೊಟ್ಟೇಲಿ ಓಡಿ ಬರ್ತಿದ್ದೆ ಅತ್ತೆ," ಎಂದಳು. ದನಿ ಅವಳಿಗೇ ಗೊತ್ತಿಲ್ಲದೆ ಏರಿತ್ತು. ಮುಂದಿನ ಸೀಟಿನವರು ತಿರುಗಿ ನೋಡಿದರು.

ಅತ್ತೆಯ ಮುಖ ಇಳಿದುಹೋಯಿತು. "ನೀನು ಉಂಡೇ ಬರ್ತೀಯ ಅಂದ್ಕೊಂಡಿದ್ದೆ. ಕೇಳ್ಬೇಕಿತ್ತು."

ಬಸ್ಸು ಕೊನೆಯ ಸ್ಟಾಪಿಗೆ ಬಂತು. ಅಲ್ಲಿ ಡ್ರೈವರ್ ಟೀ ಕುಡಿಯಲು ಇಳಿದಾಗ ಅವಳು ಕ್ಯಾಮೆರಾ ತೆಗೆದು ಆ ಚಿತ್ರ ತೋರಿಸಿದಳು. ಅತ್ತೆ ಬಹಳ ಹೊತ್ತು ನೋಡಿದರು. "ಇದು ನಾನಾ? ಪರವಾಗಿಲ್ವೇ. ಯಾರೋ ಊರಿಗೆ ಹೊರಟಿರೋ ಹೆಂಗಸಿನ ಥರ ಇದೀನಿ."

ಅಂದಿನಿಂದ ಮಧ್ಯಾಹ್ನದ ಅಡುಗೆ ಅತ್ತೆಯದು, ಒಲೆಯ ಮುಂದೆ ಎತ್ತರದ ಸ್ಟೂಲು ಹಾಕಿಕೊಂಡು. ಸೊಸೆ ಈಗ ಬರುವುದು ಉಣ್ಣುವುದಕ್ಕೆ. ಮಗನಿಗೆ ಮಂಡಿ ವಾಸಿ ಎಂದಷ್ಟೇ ಹೇಳಿದರು. ಅವನು ಅದೇ ಎಣ್ಣೆಯ ಇನ್ನೆರಡು ಬಾಟಲಿ ತಂದಿಟ್ಟ.

ಅವಳ ಚಡಪಡಿಕೆಯೇನೂ ಇಳಿಯಲಿಲ್ಲ. ರಜೆಯ ದಿನ ಇಬ್ಬರೂ ಸೇರಿ ಬಸ್ಸು ಹತ್ತುತ್ತಾರೆ, ಕಿಟಕಿ ಪಕ್ಕ ಯಾರು ಎಂದು ಪ್ರತಿ ಸಲ ವಾದ. ತಮ್ಮ ಕೊಡುವ ಪದಗಳು ತೀರಾ ಸಪ್ಪೆ ಎಂದು ಅತ್ತೆ ತಾವೇ ಕೊಡಲು ಶುರು ಮಾಡಿದ್ದಾರೆ. ಮೊನ್ನೆ ಕೊಟ್ಟದ್ದು, 'ಮನೆಗೆ ಹೋಗೋಕೆ ಮನಸ್ಸಿಲ್ಲದವರು'.

ಅವಳು ಮಾರ್ಕೆಟ್ ಸ್ಟಾಪಿನಲ್ಲಿ ಇಳಿದು ಕತ್ತಲಾಗುವವರೆಗೂ ಅಲೆದಳು. ಬೀಗ ಹಾಕಿ ಮತ್ತೆ ತೆಗೆದ ಅಂಗಡಿಯವನು, ಬಸ್ಸು ಬಂದರೂ ಹತ್ತದ ಹುಡುಗಿ, ಸ್ಕೂಟರ್ ಮೇಲೆ ಸುಮ್ಮನೆ ಕೂತಿದ್ದ ಗಂಡಸು. ಕ್ಯಾಮೆರಾ ಎತ್ತಿದಳು, ಇಳಿಸಿದಳು. ನೋಡಿದವರೆಲ್ಲ ಮನೆಗೆ ಹೋಗಲು ಮನಸ್ಸಿಲ್ಲದವರಂತೆಯೇ ಕಂಡರು; ಯಾರನ್ನೆಂದು ತೆಗೆಯುವುದು? ಒಂದೂ ತೆಗೆಯದೆ ಮನೆಗೆ ಬಂದಳು.

"ಇದು ಆಗಲ್ಲ ಅತ್ತೆ. ಬೇರೆ ಕೊಡಿ."

"ಬೇರೆ ಇಲ್ಲ," ಎಂದರು ಅತ್ತೆ, ತಟ್ಟೆ ಮುಂದಿಡುತ್ತ. "ಊಟ ಮಾಡು. ನಾಳೆ ಮತ್ತೆ ಹೋಗು."