ಭಾವನ ಎರಡು ಗಂಟೆಯ ದುಬೈ

ಅಂಗಳ ಗುಡಿಸಿದೆ. ಆರು ತೆಂಗಿನಕಾಯಿ ತುರಿದೆ. ಮಣೆ ತೊಳೆದು ಬಿಸಿಲಿಗಿಟ್ಟೆ, ಬಾಳೆಲೆ ಒರೆಸಿದೆ, ದಂಡೆ ಕಟ್ಟಿದ ಮಲ್ಲಿಗೆಯ ಅಟ್ಟೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ನಡುವೆ ಭಾವನಿಗೆ ಮೂರು ಸಲ ಚಹಾ. ಕಾಪುವಿನಲ್ಲಿ ತಂಗಿಯ ಅತ್ತೆಮನೆ, ಅವಳ ಬಯಕೆಯ, ಅಂದರೆ ಸೀಮಂತದ ದಿನ; ಹತ್ತು ಗಂಟೆಯೊಳಗೆ ನಾನು ಮಾಡಿದ್ದು ಇಷ್ಟು. ಭಾವ ಮಾಡಿದ್ದು ಒಂದೇ, ಮುಹೂರ್ತ ಇಡಿಸಿದ್ದು.

ಭಾವ ಎಂದರೆ ಕಾರ್ಕಳದಲ್ಲಿರುವ ನನ್ನ ಅಕ್ಕನ ಗಂಡ. ನಮ್ಮ ಬಜ್ಪೆ ವಿಮಾನ ನಿಲ್ದಾಣದಿಂದ ದುಬೈಗೆ ನೇರ ವಿಮಾನ ಶುರುವಾದ ಹೊಸತರಲ್ಲಿ ಒಂದು ತಿಂಗಳು ಹೋಗಿ ಬಂದವರು. ಆಮೇಲೆ ಅರಬ್ಬಿ ಸಮುದ್ರವನ್ನು ಟೇಪು ಹಿಡಿದು ಅಳೆದವರ ಹಾಗೆ ಮಾತು. "ಎರಡೇ ಗಂಟೆ ಮಾರಾಯ! ಇಲ್ಲಿ ಹತ್ತಕ್ಕೆ ಹೊರಟೆ, ಅಲ್ಲಿ ಇಳಿದು ಗೋಡೆ ಗಡಿಯಾರ ನೋಡ್ತೇನೆ, ಹನ್ನೆರಡು." ಬರುವಾಗ ಎಷ್ಟು ಹಿಡಿಯಿತೆಂದು ಕೇಳಿದರೆ ನಿದ್ದೆ ಬಂದಿತ್ತಂತೆ.

ತಂಗಿಯ ಗಂಡನಿಗೆ ದುಬೈಯಲ್ಲಿ ಸಿಕ್ಕಿದ್ದು ನಾಲ್ಕು ದಿನದ ರಜೆ. ಗಂಡ ಜಡೆಗೆ ಮಲ್ಲಿಗೆ ಮುಡಿಸಿದ ಮೇಲೆಯೇ ಮಡಿಲು ತುಂಬುವುದು ಆ ಮನೆಯ ಕ್ರಮ. ಆರು ತಿಂಗಳಿಂದ ಅವನ ಮುಖ ನೋಡದ ತಂಗಿ ಬಯಸಿದ್ದೂ ಅದೊಂದನ್ನೇ. ಅಲ್ಲಿ ಬೆಳಿಗ್ಗೆ ಏಳಕ್ಕೆ ವಿಮಾನ. ಭಾವ ಲೆಕ್ಕ ಹಾಕಿದರು: ಒಂಬತ್ತಕ್ಕೆ ಬಜ್ಪೆ, ಹತ್ತೂವರೆಗೆ ಕಾಪು. ಮುಹೂರ್ತ ಹತ್ತೂ ಮುಕ್ಕಾಲಕ್ಕೆ.

ನಾನು ಒಂದು ವಾರ ಮೊದಲೇ ಕೇಳಿದ್ದೆ. "ಅಲ್ಲಿಯ ಏಳು ಅಂದ್ರೆ ನಮಗೆ ಎಂಟೂವರೆ ಅಲ್ವಾ ಭಾವ? ಹಾರುವುದೇ ಮೂರೂವರೆ ಗಂಟೆಯಂತೆ. ಬಜ್ಪೆಗೇ ಹನ್ನೆರಡಾಗ್ತದೆ."

"ನೀನು ವಿಮಾನದ ಮೆಟ್ಟಿಲು ನೋಡಿದ್ದುಂಟಾ? ದೂರ ಎರಡು ಸಾವಿರ ಕಿಲೋಮೀಟರ್, ವಿಮಾನ ಗಂಟೆಗೆ ಸಾವಿರ. ಇದರಲ್ಲಿ ಎಂತ ಉಂಟು ತಿಳಿಯದಿರಲಿಕ್ಕೆ?"

ತಂಗಿಯ ಅತ್ತೆ ಪಾಪದವರು. ದುಬೈ ಕಂಡವರ ಮಾತನ್ನೇ ನಂಬಿದರು.

ಹತ್ತೂ ಮುಕ್ಕಾಲಾಯಿತು. ಗೇಟಿನಲ್ಲಿ ಕಾರಿಲ್ಲ. ಭಾವ ಆಕಾಶ ನೋಡಿದರು. ವಿಮಾನ ಕಾಪುವಿನ ಅಂಗಳದಲ್ಲೇ ಇಳಿಯುವುದೇನೋ ಎಂಬ ಹಾಗೆ. ಮುಹೂರ್ತ ಮೀರುತ್ತದೆಂದು ಕೊನೆಗೆ ಅತ್ತೆಯೇ ಮಡಿಲು ತುಂಬಲು ಎದ್ದರು. ಹೂವು ಮುಡಿಸಲು ಅಕ್ಕ ಕೈ ಚಾಚಿದಳು.

"ಬೇಡ ಅಕ್ಕ, ಅದು ಅಲ್ಲೇ ಇರಲಿ," ಎಂದಳು ತಂಗಿ. ಬೋಳು ಜಡೆಯಲ್ಲೇ ಮಣೆಯ ಮೇಲೆ ಕುಳಿತು ಮಡಿಲು ತುಂಬಿಸಿಕೊಂಡಳು. ಬಂದ ಹೆಂಗಸರು ಪಿಸುಗುಟ್ಟಿದರು. ನಾನು ಒಂದು ಅಟ್ಟೆ ತೆಗೆದಿಟ್ಟು, ಗಳಿಗೆಗೊಮ್ಮೆ ಬಟ್ಟೆಗೆ ನೀರು ಚಿಮುಕಿಸುತ್ತಾ ಕೂತೆ.

ಎರಡೂಕಾಲು ಗಂಟೆಗೆ ತಂಗಿಯ ಗಂಡ ಬಂದ. ಕಾಲಿನ ಬೂಟು ಬಿಚ್ಚಲೂ ಮರೆತು ಒಳಗೆ ನುಗ್ಗಿದ. ತಂಗಿ ಬೆನ್ನು ತಿರುಗಿಸಿ ಕುಳಿತಳು. ಅಂಚು ಕಂದಿದ ಮಲ್ಲಿಗೆಯನ್ನು ಅವನು ಸೊಟ್ಟಗೆ ಮುಡಿಸಿದ. ಅವಳು ಅದನ್ನು ಸರಿಮಾಡಿಕೊಳ್ಳಲಿಲ್ಲ.

"ಎದುರುಗಾಳಿ ಇದ್ದಿರಬೇಕು," ಎಂದರು ಭಾವ, ಬಾಗಿಲಿಗೊರಗಿ.

"ಹೌದು ಭಾವ," ಎಂದೆ. "ಮೂರೂ ಮುಕ್ಕಾಲು ಗಂಟೆಯಷ್ಟು."

ತಂಗಿಗೂ ಅವಳ ಗಂಡನಿಗೂ ಕೊನೆಯ ಪಂಕ್ತಿಯಲ್ಲಿ ಬಡಿಸಿದೆ: ಅನ್ನ, ಸೌತೆಕಾಯಿ ಹುಳಿ, ಕಡ್ಲೆ ಪಲ್ಯ, ತಳ ಹಿಡಿದ ಪಾಯಸ. ಮೇಲಿನ ಒಳ್ಳೆಯ ಪಾಯಸವನ್ನು ಭಾವ ಆಗಲೇ ಎರಡು ಸಲ ಹಾಕಿಸಿಕೊಂಡಿದ್ದರು. ನಾವು ಎಲೆ ಎತ್ತುವ ಮೊದಲೇ ಚಾವಡಿಯ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆಹೋದರು. ಬಹುಶಃ ದುಬೈಯಿಂದ ಬಜ್ಪೆಗೆ ಬರುವಾಗಲೂ ವಿಮಾನದಲ್ಲಿ ಹೀಗೆಯೇ ಮಲಗಿದ್ದಿರಬೇಕು.