ಚಿಪ್ಪರ್ ನೋಡಲು ಇಬ್ಬರೇ ಹೋದೆವು

ಕಳೆದ ವಾರ ಬಂಕಾಪುರದಲ್ಲಿ ಗಂಗವ್ವ ನನಗೆ ಎಡಗೈಯಲ್ಲಿ ಚಹಾ ಕೊಟ್ಟಳು.

ನಮ್ಮ ಕಡೆ ಹಾಗೆ ಕೊಟ್ಟರೆ ಏನರ್ಥ ಅಂತ ನಿಮಗೆ ಹೇಳಬೇಕಿಲ್ಲ. ಆಗದವರಿಗೂ ಎಡಗೈಯಲ್ಲಿ ನೀರು ಕೊಡುವುದಿಲ್ಲ. ನಾನು ಕಪ್ಪನ್ನೇ ನೋಡುತ್ತಾ ಕುಳಿತೆ. ಅವಳೇ ಹೇಳಿದಳು, "ತಪ್ಪ ತಿಳ್ಕೋಬ್ಯಾಡ್ರಿ ಅಣ್ಣಾರ. ಬಲಗೈ ಮ್ಯಾಲ ಏಳವಲ್ದು."

ಆ ಕೈ ಯಾಕೆ ಏಳುತ್ತಿಲ್ಲ ಎನ್ನುವುದರಲ್ಲಿ ನನ್ನದೂ ಪಾಲಿದೆ. ಅದಕ್ಕೇ ಇವತ್ತಿನ ಅಂಕಣಕ್ಕೆ ರಾಜಕೀಯ ಬೇಡ, ಮಳೆ ಬೇಡ. ಒಂದು ಮಷೀನಿನ ಕಥೆ ಹೇಳುತ್ತೇನೆ.

ಗಂಗವ್ವನ ಗಂಡ, ನನ್ನ ಹಳೆಯ ಪರಿಚಯದ ಫಕ್ಕೀರಪ್ಪ, ಮರ ಕಡಿಯುವ ಗುತ್ತಿಗೆ ಹಿಡಿಯುತ್ತಾನೆ. ಕರೆಂಟಿನ ತಂತಿಗೆ ತಾಗುವ ಟೊಂಗೆ, ಯಾರದೋ ಮನೆಯ ಮೇಲೆ ವಾಲಿದ ತೆಂಗು, ಗಾಳಿಗೆ ರಸ್ತೆಗೆ ಉರುಳಿದ ಬೇವು. ಶಿಗ್ಗಾವಿ, ಸವಣೂರು, ಹಾನಗಲ್ಲಿನ ಕಡೆ ಯಾವುದಿದ್ದರೂ ಫೋನ್ ಅವನಿಗೇ. ಅವನು ಮೇಲೆ ಹತ್ತಿ ಕತ್ತರಿಸುತ್ತಾನೆ. ಕೆಳಗೆ ಹಗ್ಗ ಹಿಡಿಯುವವಳು, ಬಿದ್ದ ಟೊಂಗೆ ಎಳೆದು ಒಟ್ಟುವವಳು ಗಂಗವ್ವ. ಮದುವೆಯಾದಾಗಿನಿಂದ ಇದೇ ಪದ್ಧತಿ. (ಗಂಡ ಹೆಂಡತಿ ಜಗಳವಾಡಿದ ದಿನ ಮರ ಹತ್ತುವುದಿಲ್ಲ ಎಂದು ಫಕ್ಕೀರಪ್ಪ ನಗುತ್ತಲೇ ಹೇಳುತ್ತಿದ್ದ. ಹಗ್ಗ ಅವಳ ಕೈಯಲ್ಲಲ್ಲವೇ?)

ಮರ ಕಡಿಯುವುದಕ್ಕಿಂತ ಕಡಿದದ್ದನ್ನು ಸಾಗಿಸುವುದೇ ದೊಡ್ಡ ತಲೆನೋವು. ಒಂದು ಬೇವು ಉರುಳಿಸಿದರೆ ಟೊಂಗೆ, ಸೊಪ್ಪು ಗಾಡಿಯ ತುಂಬ ಆಗಿಯೂ ಉಳಿಯುತ್ತದೆ. ಹಾಗಾಗಿ ವುಡ್ ಚಿಪ್ಪರ್ ತರುವ ಮಾತು ಬಂತು. ಒಂದು ಕಡೆಯಿಂದ ಟೊಂಗೆ ಕೊಟ್ಟರೆ ಇನ್ನೊಂದು ಕಡೆಯಿಂದ ಚೂರು ಮಾಡಿ ಉಗುಳುವ ಯಂತ್ರ. ನಾನು ನಾಲ್ಕು ಅಕ್ಷರ ಇಂಗ್ಲಿಷ್ ಓದಬಲ್ಲೆ, ರಾತ್ರಿಯೆಲ್ಲ ಯೂಟ್ಯೂಬ್ ನೋಡಬಲ್ಲೆ. "ನೀವ್ ಜೋಡಿ ಬರ್ರಿ," ಎಂದ ಫಕ್ಕೀರಪ್ಪ. ಸಲಹೆ ಕೇಳಿದರೆ ಬೇಡ ಎನ್ನುವ ಗಂಡಸು ಎಲ್ಲಿದ್ದಾನೆ?

ಹುಬ್ಬಳ್ಳಿಗೆ ಹೊರಟ ದಿನ ಗಂಗವ್ವನೂ ಸೀರೆ ಬದಲಿಸಿ, ಬುತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಫಕ್ಕೀರಪ್ಪ ಎಣಿಸಿದ. "ಮೂರ್ ಮಂದಿ ಆಗ್ತೇವಿ. ಒಳ್ಳೆ ಕೆಲಸಕ್ಕ ಮೂರ್ ಮಂದಿ ಹೋಗಬಾರ್ದು."

"ಒಂದ್ ಕಲ್ಲ್ ಕಿಸೇದಾಗ ಇಟ್ಕೊಳ್ರಿ. ನಾಕ್ ಆಕ್ಕಾವು," ಎಂದಳು ಅವಳು.

ಅವಳೇನೂ ಹೊಸದು ಹೇಳಿರಲಿಲ್ಲ. ಮೂವರೇ ಹೋಗಬೇಕಾಗಿ ಬಂದಾಗ ಹಿರಿಯರು ಒಂದು ಕಲ್ಲನ್ನು ಜೊತೆಗೆ ಒಯ್ದು ನಾಲ್ಕು ಮಾಡಿಕೊಳ್ಳುತ್ತಿದ್ದರು. ಅದು ಫಕ್ಕೀರಪ್ಪನಿಗೂ ಗೊತ್ತು, ನನಗೂ ಗೊತ್ತು. ಆದರೆ ನಾನೇನಂದೆ ಗೊತ್ತೇ? "ಮಷೀನ್ ನೋಡಾಕ ನೀ ಬಂದ್ ಏನ್ ಮಾಡ್ತಿ ತಂಗಿ? ಫೋಟೊ ಕಳಸ್ತೇವಿ ಬಿಡು."

ಅವಳು ಬುತ್ತಿಯನ್ನು ಗಾಡಿಯಲ್ಲಿಟ್ಟು ಒಳಗೆ ಹೋದಳು. ಆ ರೊಟ್ಟಿಯನ್ನು ನಾವಿಬ್ಬರೂ ಹೈವೇ ಬದಿಯಲ್ಲಿ ಕುಳಿತು ಚೆನ್ನಾಗಿಯೇ ತಿಂದೆವು.

ಅಂಗಡಿಯಲ್ಲಿ ಎರಡು ಚಿಪ್ಪರ್ ಇದ್ದವು. ಒಂದು ತಗ್ಗಾಗಿ, ಮಂಕಾಗಿ, ನೆಲಕ್ಕೆ ಕುಕ್ಕರಿಸಿ ಕುಳಿತ ಎಮ್ಮೆಯ ಹಾಗಿತ್ತು. ಇನ್ನೊಂದು ಕೆಂಪು. ದೊಡ್ಡ ಟಯರು, ಸ್ವಂತ ಡೀಸೆಲ್ ಎಂಜಿನ್, ಟೊಂಗೆ ಕೊಡುವ ಬಾಯಿ ಎತ್ತರದಲ್ಲಿ. ನಮ್ಮ ಕಣ್ಣು ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಯಿತು. ನಾನು ಹಾರ್ಸ್‌ಪವರ್ ಕೇಳಿದೆ, ಬ್ಲೇಡ್ ಕೇಳಿದೆ, ಮೈಲೇಜ್ ಕೂಡ ಕೇಳಿದೆ (ಸೇಲ್ಸಿನವನು ನಗು ತಡೆದುಕೊಂಡ). ಅಂಗಡಿಯ ಇಬ್ಬರು ಕಟ್ಟುಮಸ್ತಾದ ಆಳುಗಳು ನೀಲಗಿರಿ ಟೊಂಗೆ ಎತ್ತೆತ್ತಿ ಕೊಟ್ಟರು. ಮಷೀನು ಗರಗರ ನುಂಗಿತು. ನಾವು ಕೈಕಟ್ಟಿ ನಿಂತು ನೋಡಿದೆವು. ಕೊಡುವ ಕೈಯನ್ನು ಮಾತ್ರ ಇಬ್ಬರೂ ನೋಡಲಿಲ್ಲ.

ಫೋಟೊ ಕಳಿಸಿದೆವು. ಪಕ್ಕದಲ್ಲಿ ಮನುಷ್ಯರಿಲ್ಲದ ಫೋಟೊ. ಅದರಲ್ಲಿ ಎತ್ತರ ಹೇಗೆ ತಿಳಿಯಬೇಕು? "ಛಲೋ ಐತ್ರಿ," ಎಂದು ಗಂಗವ್ವನಿಂದ ವಾಯ್ಸ್ ಮೆಸೇಜ್ ಬಂತು. ಮಷೀನು ಮನೆ ಮುಂದೆ ಬಂದಾಗ ಆರತಿ ಎತ್ತಲು ಮಾತ್ರ ಅವಳೇ ಬೇಕಾದಳು. ಅದರ ಬಾಯಿಯ ಮೇಲಂಚಿಗೆ ಕುಂಕುಮ ಹಚ್ಚಲು ಹೋದರೆ ಕೈ ಎಟುಕಲಿಲ್ಲ. ತುದಿಗಾಲ ಮೇಲೆ ನಿಂತು ಹಚ್ಚಿದಳು. ಎಲ್ಲರೂ ನಕ್ಕೆವು.

ಆ ಎತ್ತರ ಟ್ರೇಲರ್ ಮೇಲೆ ನಿಂತು ಟೊಂಗೆ ಕೊಡುವವರಿಗೆ ಸರಿ. ನೆಲದ ಮೇಲೆ ನಿಂತವರು ಪ್ರತಿ ಟೊಂಗೆಯನ್ನೂ ಎದೆಗಿಂತ ಮೇಲಕ್ಕೆ ಎತ್ತಬೇಕು. ಗಂಗವ್ವ ಹಂಸಭಾವಿಯಲ್ಲಿ ಎತ್ತಿದಳು, ಸವಣೂರಿನಲ್ಲಿ ಎತ್ತಿದಳು, ದುಂಡಸಿ ರಸ್ತೆಯ ಜಾಲಿಯನ್ನೂ ಎತ್ತಿದಳು. "ರಟ್ಟಿ ನೋಯಾಕತ್ತಾವು" ಎಂದರೆ ಫಕ್ಕೀರಪ್ಪ "ಹೊಸದು, ರೂಢಿ ಆಕ್ಕೈತಿ" ಅಂದ. ಹಲಗೆ ಹಾಕಿಕೊಂಡು ನಿಂತು ನೋಡಿದಳು. ರಸ್ತೆ ಬದಿಯ ಇಳಿಜಾರಿನಲ್ಲಿ ಹಲಗೆ ಅಲುಗಾಡಿತು. ಆ ಬಾಯಿಯ ಮುಂದೆ ಜೋಲಿ ಹೊಡೆಯುವುದೆಂದರೆ ಹುಡುಗಾಟವೇ? ಫಕ್ಕೀರಪ್ಪನೇ ಕೂಗಿ ಇಳಿಸಿದ.

ಕೊನೆಗೆ ಡಾಕ್ಟರ್ ಹೇಳಿದರು: ಭುಜ ಹೋಗಿದೆ, ಇನ್ನು ಎತ್ತುವ, ಎಳೆಯುವ ಕೆಲಸ ಪೂರಾ ಬಂದ್. ಅಂಗಡಿಗೆ ಫೋನ್ ಮಾಡಿದೆ. ಓಡಿಸಿದ ಮಷೀನು ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಸರಿಯೇ. ಅವರದೇನು ತಪ್ಪು?

ಈಗ ಇಬ್ಬರು ಆಳುಗಳು ಬರುತ್ತಾರೆ. ಎತ್ತರದವರು. ಕೆಲಸವೂ ಬೇಗ ಸಾಗುತ್ತದೆ. ಗಂಗವ್ವ ಮನೆಯಲ್ಲಿ ಕೂತಿದ್ದಾಳೆ. "ಮನ್ಯಾಗ ಹೊತ್ತ ಹೋಗವಲ್ದ್ರಿ ಅಣ್ಣಾರ. ಇವರು ಮ್ಯಾಲ ಹತ್ಯಾರೋ ಇಳದಾರೋ ಅಂತ ಫೋನ್ ಹಿಡಕೊಂಡ ಕುಂತಿರ್ತೇನಿ," ಎಂದಳು. ಎತ್ತಿ ಕಟ್ಟಲಾಗದ ಕೂದಲನ್ನು ಹಾಗೇ ಬಿಟ್ಟಿದ್ದಳು. ನನಗೆ ಮುಖ ಎತ್ತಲಾಗಲಿಲ್ಲ.

ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ ಫಕ್ಕೀರಪ್ಪ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಇಷ್ಟ್ ವರ್ಷ ಮರದ ಮ್ಯಾಲಿದ್ದಾಗ ಕೆಳಗ ಹಗ್ಗ ಯಾರ್ ಹಿಡದಾರ ಅಂತ ನೋಡಿದಾಂವಲ್ರಿ ನಾ. ಈಗ ಹೊಳ್ಳಿ ಹೊಳ್ಳಿ ಬಗ್ಗಿ ನೋಡ್ತೇನಿ."

ಶಿಗ್ಗಾವಿಗೆ ಬಂದು ಹೆಂಡತಿಗೆ ಇದೆಲ್ಲ ಹೇಳಿದೆ. ಅವಳು ಒಲೆಯ ಮುಂದೆ ಮಣೆಯ ಮೇಲೆ ನಿಂತು ಸಾರು ತಿರುವುತ್ತಿದ್ದಳು. ಆ ಅಡುಗೆ ಕಟ್ಟೆಯ ಎತ್ತರ ಗೌಂಡಿಗೆ ಹೇಳಿದವನು ನಾನೇ. ನಾನು ಇಷ್ಟು ವರ್ಷದಲ್ಲಿ ಮೊದಲ ಸಲ ಆ ಮಣೆಯನ್ನು ನೋಡಿದೆ. ನಿಮ್ಮ ಮನೆಯಲ್ಲೂ ಒಂದಿರಬಹುದು, ಹೋಗಿ ನೋಡಿ.

ನಾನಂತೂ ಮನಸ್ಸಿನಲ್ಲಿ ಇನ್ನೂ ಹುಬ್ಬಳ್ಳಿಗೆ ಹೊರಟ ಆ ದಿನದ ಗಂಗವ್ವನ ಬಾಗಿಲಿನಲ್ಲೇ ನಿಂತಿದ್ದೇನೆ. ಅಂಗಳದ ತುಂಬ ಕಲ್ಲು ಬಿದ್ದಿದ್ದವು. ಒಂದನ್ನು ಕಿಸೆಯಲ್ಲಿ ಇಟ್ಟುಕೊಳ್ಳಲು ನಮಗೆ ಅಷ್ಟು ಭಾರವಾಗಿತ್ತೇ?