ತಿಗನಾರೆಗೆ ಹೋಗಿ ಹೇಳಿದವರು

ದೆವ್ವ, ಭೂತ ಅಂತ ಯಾರಾದರೂ ಶುರುಮಾಡಿದರೆ ರೇಗಿ ಅಲ್ಲೇ ಬಾಯಿ ಮುಚ್ಚಿಸುತ್ತಿದ್ದವಳು ನಾನು. ನರ್ಸ್ ಆಗಿ ಎಷ್ಟೋ ಸಾವು ನೋಡಿದ್ದೇನೆ, ಯಾರಾದರೂ ಎದ್ದು ಬಂದರಾ ಅಂತ ಕೇಳುತ್ತಿದ್ದೆ. ಈಗ ಆ ಜಂಬ ಇಲ್ಲ. ನೀವು ನಂಬಲೇಬೇಕು ಅಂತಲೂ ಹೇಳುವುದಿಲ್ಲ.

ಎರಡು ಸಾವಿರದ ಆರೋ ಏಳೋ ಇರಬೇಕು. ಘಾಟಿ ಮೇಲಿನ ತಾಳವಾಡಿಯ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ಹತ್ತಿರದ ಹಳ್ಳಿ ತಿಗನಾರೆಯ ಮಾದಮ್ಮ ಎಂಬ ಮುದುಕಿ ಹೃದಯದ ಕಾಯಿಲೆಯಿಂದ ನಮ್ಮಲ್ಲಿ ಮಲಗಿದ್ದಳು. ಒಂದು ಸಂಜೆ ನನ್ನ ಕೈ ಹಿಡಿದುಕೊಂಡು, “ನನ್ನ ಕೊಯಮತ್ತೂರ್ಗೆ ಸಾಗಿಸ್ಬ್ಯಾಡಿ ಕಣವ್ವ. ಆಚೆ ಸತ್ತೋರ್ನ ನಮ್ಮಲ್ಲಿ ಒಸ್ಲು ದಾಟ್ಸಲ್ಲ, ಬೀದೀಲೇ ಮನುಗುಸ್ತರೆ. ನಾನು ನನ್ ನಡುಮನೇಲೇ ಓಗ್ಬೇಕು. ನನ್ ಮಗುನ್ಗೆ ನೀನೇ ಯೋಳು” ಅಂದಳು.

ಹೇಳುವುದು ನನ್ನ ಕೆಲಸವೇ? ಡ್ರಿಪ್ ಹಾಕು, ಮಾತ್ರೆ ಕೊಡು, ಸಾವಿನ ಮಾತು ಡಾಕ್ಟರಿಗೆ ಬಿಡು ಅಂತಲೇ ನಮಗೆ ಕಲಿಸಿದ್ದರು. ಡಾಕ್ಟರ ಕಿವಿಗೆ ಹಾಕಿದೆ. “ಅದು ಮನೆಯವರು ಮಾತಾಡಿಕೊಳ್ಳಬೇಕಾದ್ದು” ಅಂದರು. ಮಗ ಬಸವಣ್ಣನೋ, ಅವ್ವನ ಎದುರು ಸಾವಿನ ಸುದ್ದಿ ಎತ್ತಿದರೆ ಕೇಡು ಅಂತ ಹೆದರುವವನು. ಅಯ್ಯೋ, ಯಾರಾದರೂ ಹೇಳಬಾರದಾ ಅಂತ ಒಳಗೊಳಗೇ ಚಡಪಡಿಸಿದೆ.

ಮರುದಿನ ಬೆಳಿಗ್ಗೆ ಮಾದಮ್ಮನಿಗೆ ಪ್ರಜ್ಞೆ ತಪ್ಪಿತು. ಡಾಕ್ಟರು ಕೊಯಮತ್ತೂರಿಗೆ ಆಂಬುಲೆನ್ಸ್ ಗೊತ್ತುಮಾಡಿ ಮಗನಿಗೆ ಹೇಳಿಕಳಿಸಿದರು. ಅವನಿಗೆ ಹೇಳಲೋ ಬೇಡವೋ ಎಂದು ವಾರ್ಡಿನೊಳಗೇ ಅತ್ತಿಂದಿತ್ತ ಓಡಾಡಿದೆ. ಮಧ್ಯಾಹ್ನ ಬಸವಣ್ಣ ಬಂದವನೇ ಡ್ರೈವರಿಗೆ, “ಕೊಯಮತ್ತೂರು ಬ್ಯಾಡ, ತಿಗನಾರೆಗೆ ನಡೀರಣ್ಣ” ಅಂದ.

ಡಾಕ್ಟರು ರೇಗಿದರು. ಅವನು ನನ್ನ ಕಡೆ ಕೈ ತೋರಿಸಿ, “ನಿಮ್ ಸಿಸ್ಟರೇ ಬೆಳಿಗ್ಗೆ ಮನೆ ತಾವ ಬಂದು ಅವ್ವನ ಆಸೆ ಯೋಳ್ಬುಟ್ಟು ಓದ್ರಲ್ಲ ಸಾ” ಅಂದ.

ಬೆಳಗಿನಿಂದ ನಾನು ಡಾಕ್ಟರ ಕಣ್ಣೆದುರೇ ಇದ್ದೆ. ಅವರು ನನ್ನನ್ನೇ ನೋಡುತ್ತಿದ್ದರು. ಸುಮ್ಮನಿದ್ದರೆ ಮುದುಕಿಯನ್ನು ಘಾಟಿ ಇಳಿಸಿ ಕೊಯಮತ್ತೂರಿಗೆ ಸಾಗಿಸಿಬಿಡುತ್ತಾರೆ. “ಮಾದಮ್ಮ ಹಾಗೆ ಹೇಳಿದ್ದು ನಿಜ ಸಾರ್, ಮನೆಗೇ ಕಳಿಸಿ” ಅಂದೆ. ಕಳಿಸಿದರು. ಹೊತ್ತು ಮುಳುಗುವ ಮುಂಚೆ ಅವಳು ನಡುಮನೆಯಲ್ಲೇ ಹೋದಳಂತೆ.

ತಿಥಿ ಮುಗಿದ ಮೇಲೆ ಮಾತಾಡಿಸಿ ಬರಲು ತಿಗನಾರೆಗೆ ಹೋದೆ. ಮುಂಚೆ ಆ ಊರಿನ ಮುಖ ನೋಡಿದವಳಲ್ಲ. ಸಿಕ್ಕಸಿಕ್ಕವರನ್ನು ಕೇಳಿ ಮನೆ ಹುಡುಕಿದೆ. ಸೊಸೆ ನೀರು ಕೊಟ್ಟು, “ಅವತ್ತು ನೆಟ್ಟುಗೆ ಬಂದ್ರಿ, ಇವತ್ಯಾಕೆ ಊರೆಲ್ಲ ದಾರಿ ಕೇಳ್ಕಂಡು ಬಂದ್ರಿ ಸಿಸ್ಟರ್?” ಎಂದು ನಕ್ಕಳು. ಲೋಟ ಹಾಗೇ ಕೆಳಗಿಟ್ಟೆ.

ಅವತ್ತು ಬಂದವಳು ನನ್ನ ಹಾಗೇ ಇದ್ದಳಾ ಅಂತ ಕೇಳಲು ಧೈರ್ಯ ಬರಲಿಲ್ಲ. ಇವತ್ತಿಗೂ ನನಗೆ ಏನೂ ಅರ್ಥವಾಗಿಲ್ಲ. ಈಗ ರೋಗಿ ಹೀಗೊಂದು ಮಾತು ಹೇಳಿದರೆ ಆ ಕ್ಷಣವೇ ಮನೆಯವರನ್ನು ಕರೆದು ನಾನೇ ಹೇಳಿಬಿಡುತ್ತೇನೆ. ತಡಮಾಡಿದರೆ ಯಾರು ಹೋಗಿ ಹೇಳಿಬರುತ್ತಾರೋ ಅಂತ ಭಯ.